ಮತಗಟ್ಟೆಯಲ್ಲಿ ಹಿರಿಯರಿಗೆ, ಅಂಗವಿಕಲರಿಗೆ ನೆರವು: ಎಲ್ಲಿಯವರೆಗೆ ಜೊತೆಗಿರಬೇಕು, ಎಲ್ಲಿ ಹಿಂದೆ ಸರಿಯಬೇಕು?

ಹೊಸ ಸ್ವಯಂಸೇವಕಿ:
ಎಲ್ಲರಿಗೂ ನಮಸ್ಕಾರ. ಮುಂದಿನ ಚುನಾವಣೆಯಲ್ಲಿ ಮತಗಟ್ಟೆಗೆ ಬರುವ ವಯಸ್ಸಾದವರಿಗೆ, ಅಂಗವಿಕಲರಿಗೆ ನೆರವಾಗುವ ಕೆಲಸಕ್ಕೆ ಹೆಸರು ಕೊಟ್ಟಿದ್ದೇನೆ. ತರಬೇತಿ ಆಯಿತು. ಗಾಲಿಕುರ್ಚಿ ಎಲ್ಲಿರುತ್ತದೆ, ಯಾರಿಗೆ ಫೋನ್ ಮಾಡಬೇಕು ಅನ್ನುವುದೆಲ್ಲ ತಿಳಿಯಿತು. ಆದರೆ ಎದುರಿಗೆ ಬಂದ ಮನುಷ್ಯರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ಕಣ್ಣು ಕಾಣದವರನ್ನು ನಾನೇ ಕೈಹಿಡಿದು ಕರೆದುಕೊಂಡು ಹೋಗಬೇಕಾ? ಕೈ ನಡುಗುವ ಅಜ್ಜಿಯೊಬ್ಬರು "ನೀನೇ ಒತ್ತಿಬಿಡವ್ವ" ಅಂದರೆ ಏನು ಮಾಡಲಿ? ಮರೆವಿನ ಕಾಯಿಲೆ ಇರುವ ತಂದೆಯನ್ನು ಮಗ ಕರೆದುಕೊಂಡು ಬಂದರೆ? ಈ ಕೆಲಸ ಮಾಡಿದವರು, ಇಂಥ ನೆರವು ಪಡೆದವರು ಇಬ್ಬರೂ ಹೇಳಿ. ಎರಡೂ ಕಡೆಯ ಮಾತು ಬೇಕು.

ಗಾಲಿಕುರ್ಚಿ ಬಳಸುವವನು:
ಒಳ್ಳೆಯ ಪ್ರಶ್ನೆ ಮೇಡಂ. ಮೊದಲನೆಯ ಮಾತು: ಕೇಳದೆ ಮುಟ್ಟಬೇಡಿ. ಗಾಲಿಕುರ್ಚಿಯಲ್ಲಿ ಕೂತವರು ಕಂಡ ತಕ್ಷಣ ಹಿಂದಿನಿಂದ ಬಂದು ತಳ್ಳುವವರು ಬಹಳ ಜನ ಇದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಗಾಲಿಯ ಮೇಲೆ ನನ್ನ ಬೆರಳಿರುತ್ತದೆ, ತಳ್ಳಿದರೆ ಸಿಕ್ಕಿಹಾಕಿಕೊಳ್ಳುತ್ತದೆ. "ನೆರವು ಬೇಕಾ? ಹೇಗೆ ಮಾಡಲಿ?" ಅಂತ ಎರಡು ಮಾತು ಕೇಳಿ. ಬೇಡ ಅಂದರೆ ಬೇಡ ಅಂತಲೇ ಅರ್ಥ.

ಇನ್ನೊಂದು ಮಾತು. ನಿಮ್ಮ ಕೆಲಸದ ಅರ್ಧ ಪಾಲು ಮತದಾನದ ದಿನಕ್ಕೆ ಮೊದಲೇ ಮುಗಿಯಬೇಕು. ಹಿಂದಿನ ದಿನ ಹೋಗಿ ಗೇಟಿನಿಂದ ಮತಯಂತ್ರದ ಮೇಜಿನವರೆಗೆ ಒಮ್ಮೆ ನಡೆಯಿರಿ. ಮೆಟ್ಟಿಲಿಗೆ ಒಂದು ಹಲಗೆ ಇಟ್ಟು ಅದನ್ನೇ ರ‍್ಯಾಂಪ್ ಅನ್ನುತ್ತಾರೆ. ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಳತೆ 1:12. ಅಂದರೆ ಮೂರು ಮೆಟ್ಟಿಲು ಸೇರಿ 45 ಸೆಂಟಿಮೀಟರ್ ಎತ್ತರ ಇದ್ದರೆ ಇಳಿಜಾರು 5.4 ಮೀಟರ್ ಉದ್ದ ಇರಬೇಕು. ಎರಡು ಮೀಟರಿನ ಹಲಗೆ ಇಟ್ಟರೆ ಹತ್ತಲು ಆಗುವುದಿಲ್ಲ. ಇಳಿಯುವಾಗಲಂತೂ ಕುರ್ಚಿ ಮುಗ್ಗರಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ನೀವು ಕೆಳಗಡೆ ನಿಂತು, ನಿಧಾನವಾಗಿ ಬನ್ನಿ. ಬಾಗಿಲು ಕಡಿಮೆಯೆಂದರೂ 80 ಸೆಂಟಿಮೀಟರ್ ಬೇಕು, 90 ಇದ್ದರೆ ಆರಾಮ. ಹೊಸ್ತಿಲು ಎತ್ತರ ಇದ್ದರೆ ಅಲ್ಲೊಂದು ಸಣ್ಣ ಇಳಿಜಾರು.

ಎಲ್ಲರೂ ಮರೆಯುವುದು ಒಳಗಿನ ಮೇಜನ್ನು. ಬಾಗಿಲು ದಾಟಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮೇಜು ಎತ್ತರ ಇದ್ದರೆ ಕೂತವನಿಗೆ ಮೇಲಿನ ಗುಂಡಿಗಳು ಕಾಣುವುದಿಲ್ಲ, ಕೈಯೂ ಎಟುಕುವುದಿಲ್ಲ. ಆಗ ಯಾರೋ ಬಂದು ಯಂತ್ರ ಬಾಗಿಸಿ ಹಿಡಿಯುತ್ತಾರೆ. ಅಲ್ಲಿಗೆ ನನ್ನ ಮತದ ಗುಟ್ಟು ಹೋಯಿತು.

ಹಳೆಯ ಮತಗಟ್ಟೆ ಅಧಿಕಾರಿ:
ಅಜ್ಜಿಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನೀವು ಒತ್ತುವಂತಿಲ್ಲ. ಅಜ್ಜಿ ಎಷ್ಟೇ ಬೇಡಿಕೊಂಡರೂ ಇಲ್ಲ. ಸ್ವಯಂಸೇವಕರ ಜಾಗ ಮತ ಹಾಕುವ ಮರೆಯಿಂದ ಹೊರಗೆ.

ಭಾರತದಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ 49ಎನ್ ಅಂತ ಒಂದು. ಕಣ್ಣು ಕಾಣದೆ, ಅಥವಾ ಬೇರೆ ದೈಹಿಕ ತೊಂದರೆಯಿಂದ ಚಿಹ್ನೆ ಗುರುತಿಸಲು ಆಗದಿದ್ದರೆ, ಅಥವಾ ನೆರವಿಲ್ಲದೆ ಮತ ಹಾಕಲು ಆಗದಿದ್ದರೆ, ಮತದಾರರು ಜೊತೆಗೊಬ್ಬರನ್ನು ಒಳಗೆ ಕರೆದುಕೊಂಡು ಹೋಗಬಹುದು. ಆ ಜೊತೆಗಾರರಿಗೆ 18 ವರ್ಷ ತುಂಬಿರಬೇಕು. ಒಬ್ಬರು ಆ ದಿನ ಒಬ್ಬ ಮತದಾರರಿಗೆ ಮಾತ್ರ ಜೊತೆಗಾರರು. "ಮತದ ಗುಟ್ಟು ಹೊರಗೆ ಹೇಳುವುದಿಲ್ಲ, ಇವತ್ತು ಬೇರೆ ಯಾರಿಗೂ ಜೊತೆಗಾರನಾಗಿ ಹೋಗಿಲ್ಲ" ಅಂತ ಬರೆದುಕೊಡಬೇಕು. ಅಧಿಕಾರಿ ಅದನ್ನೆಲ್ಲ ನಮೂನೆ 14ಎ ಯಲ್ಲಿ ದಾಖಲು ಮಾಡುತ್ತಾರೆ. ಅನುಮತಿ ಕೊಡುವುದು ಪ್ರಿಸೈಡಿಂಗ್ ಆಫೀಸರ್, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಮಾತ್ರ. ಏಜೆಂಟರೂ ಅಲ್ಲ, ಪೊಲೀಸರೂ ಅಲ್ಲ, ನೀವೂ ಅಲ್ಲ.

ಒಬ್ಬರಿಗೆ ಒಬ್ಬರೇ ಅನ್ನುವ ಷರತ್ತು ಯಾಕೆ ಗೊತ್ತಾ? ಅದಿಲ್ಲದಿದ್ದರೆ ಒಬ್ಬ ಮನುಷ್ಯ ಬಾಗಿಲಲ್ಲೇ ನಿಂತು ಬೆಳಗಿನಿಂದ ಸಂಜೆವರೆಗೆ ಬಂದ ಮುದುಕರನ್ನೆಲ್ಲ "ಬನ್ನಿ ಅಜ್ಜ, ನಾನು ಹಾಕಿಸುತ್ತೇನೆ" ಅಂತ ಒಳಗೆ ಕರೆದುಕೊಂಡು ಹೋಗುತ್ತಾನೆ. ಇದು ಕಲ್ಪನೆಯಲ್ಲ. ನನ್ನ ಕಣ್ಣೆದುರೇ ಪ್ರಯತ್ನ ಮಾಡಿದವರಿದ್ದಾರೆ.

ಕೈ ನಡುಗುವುದಕ್ಕೆ ಬರುತ್ತೇನೆ. ನಡುಗುವ ಕೈಗೆ ಹೆಚ್ಚಿನ ಸಲ ಬೇಕಾಗಿರುವುದು ಸಮಯ. ಇನ್ನೊಬ್ಬರ ಬೆರಳು ಬೇಕಾಗಿರುವುದಿಲ್ಲ. ಕೂತುಕೊಂಡು ಒತ್ತಲು ಒಂದು ಕುರ್ಚಿ ಇರಲಿ. ಹಿಂದಿನವರಿಗೆ ಸ್ವಲ್ಪ ತಡೆಯಿರಿ ಅನ್ನಿ. ಅಷ್ಟಕ್ಕೇ ಎಷ್ಟೋ ಅಜ್ಜಿಯರು ತಾವೇ ಹಾಕಿ ಬರುತ್ತಾರೆ.

ಮಧ್ಯಾಹ್ನದ ಸರತಿ:
ಸರ್, ಹೇಳುವುದಕ್ಕೆ ಚೆನ್ನಾಗಿದೆ. ನಿಜವಾದ ಬೂತಿನಲ್ಲಿ ಹಿಂದೆ ನೂರು ಜನ ಬಿಸಿಲಲ್ಲಿ ನಿಂತಿರುತ್ತಾರೆ. ಒಬ್ಬರು ಐದು ನಿಮಿಷ ತೆಗೆದುಕೊಂಡರೆ ಗಲಾಟೆ ಶುರು. ಮಗನೋ ಸೊಸೆಯೋ ಹೋಗಿ ಒತ್ತಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಮನೆಯವರೇ ತಾನೇ? ಇದನ್ನು ಇಷ್ಟು ದೊಡ್ಡದು ಮಾಡಬೇಕಾ?

ತಾಯಿಯ ಜೊತೆ ಹೋಗುವ ಮಗಳು:
ಮಾಡಬೇಕು. ನಮ್ಮ ಮನೆಯ ವಿಷಯ ಹೇಳುತ್ತೇನೆ. ಅಮ್ಮನಿಗೆ ಲಕ್ವ ಹೊಡೆದು ಮಾತು ಹೋಯಿತು, ಬಲಗೈ ಹೋಯಿತು. ಬುದ್ಧಿ ಹೋಗಿಲ್ಲ. ಸುದ್ದಿ ನೋಡುತ್ತಾರೆ, ಸಿಟ್ಟು ಬಂದರೆ ಎಡಗೈಯಿಂದ ಟಿವಿ ಆರಿಸುತ್ತಾರೆ. ಅಣ್ಣನ ಪಕ್ಷ ಬೇರೆ, ಅಮ್ಮನದು ಬೇರೆ. ಮಾತು ಇದ್ದಾಗ ಇಬ್ಬರೂ ಜೋರಾಗಿ ವಾದ ಮಾಡುತ್ತಿದ್ದರು. ಮತದಾನದ ದಿನ ಅಣ್ಣ "ನಾನು ಕರೆದುಕೊಂಡು ಹೋಗುತ್ತೇನೆ" ಅಂದ. ಅಮ್ಮ ಅವನ ಕೈ ಬಿಡಿಸಿಕೊಂಡು ನನ್ನ ಸೆರಗು ಹಿಡಿದರು. ಅಣ್ಣ ಕೆಟ್ಟವನಲ್ಲ. ಆದರೂ ಒಳಗೆ ಯಾರು ಬರಬೇಕು ಅಂತ ಆರಿಸುವ ಹಕ್ಕು ಅಮ್ಮನದು.

ಮತಗಟ್ಟೆಯಲ್ಲಿ ಅಧಿಕಾರಿ ನನ್ನನ್ನು ನೋಡಿ "ಯಾರಿಗೆ ಹಾಕಬೇಕಂತೆ ಇವರು?" ಅಂತ ಕೇಳಿಬಿಟ್ಟರು. ಎಲ್ಲರ ಎದುರು! ಅಮ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವರ ಕಡೆ ತಿರುಗಿ "ಅಮ್ಮಾ, ಇವರು ನಿಮ್ಮ ಜೊತೆ ಬರಲಾ?" ಅಂದಿದ್ದರೆ ಸಾಕಿತ್ತು. ಒಳಗೆ ಅಮ್ಮ ಎಡಗೈಯಲ್ಲಿ ತೋರಿಸಿದ ಗುಂಡಿಯ ಮೇಲೆ ಅವರ ಬೆರಳನ್ನೇ ಇಟ್ಟು, ನಾನು ಮೇಲಿನಿಂದ ಒತ್ತಿದೆ. ಸಮಯ ಹಿಡಿಯಿತು. ಹಿಡಿಯಲಿ.

ಕಣ್ಣಿಲ್ಲದ ಮತದಾರ:
ಮಗಳು ಹೇಳಿದ್ದು ಹೊಸ ಮಾತೇನಲ್ಲ, ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇದೆ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 29ನೇ ವಿಧಿ ಓದಿ. ಮತ ಹಾಕುವ ಜಾಗ, ವಿಧಾನ, ಸಾಮಗ್ರಿ ಎಲ್ಲರಿಗೂ ಎಟುಕಬೇಕು. ಮತ ಗುಟ್ಟಾಗಿರಬೇಕು. ಬೇಕಾದಾಗ, ಅವರೇ ಕೇಳಿಕೊಂಡರೆ, ಅವರೇ ಆರಿಸಿದ ವ್ಯಕ್ತಿಯ ನೆರವು ಸಿಗಬೇಕು. ಭಾರತ 2007ರಲ್ಲಿ ಇದನ್ನು ಅನುಮೋದಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಕೂಡ ಎಲ್ಲ ಮತಗಟ್ಟೆಗಳೂ ಅಂಗವಿಕಲರಿಗೆ ಸುಲಭವಾಗಿ ತಲುಪುವಂತಿರಬೇಕು ಅನ್ನುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ನನ್ನ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಳ್ಳುತ್ತೇನೆ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ತೋಳು ಮೇಲಕ್ಕೆ ಹೋದರೆ ಮೆಟ್ಟಿಲು ಹತ್ತಬೇಕು ಅಂತ ನನಗೆ ತಾನಾಗಿಯೇ ಗೊತ್ತಾಗುತ್ತದೆ. "ಇಲ್ಲಿ", "ಅಲ್ಲಿ" ಅನ್ನಬೇಡಿ. "ಬಲಗಡೆ ಮೇಜಿದೆ", "ಎರಡು ಮೆಟ್ಟಿಲು ಇಳಿಯಬೇಕು" ಅನ್ನಿ. ಬಿಟ್ಟು ಹೋಗುವಾಗ ಹೇಳಿ ಹೋಗಿ. ಗಾಳಿಯ ಜೊತೆ ಮಾತಾಡುತ್ತಾ ನಿಲ್ಲುವುದು ಬಹಳ ಬೇಸರದ ವಿಷಯ.

ನಾನು ಒಬ್ಬನೇ ಹಾಕಬಲ್ಲೆ ಅನ್ನುವುದು ಎಷ್ಟೋ ಸಿಬ್ಬಂದಿಗೆ ಗೊತ್ತಿಲ್ಲ. ನಮ್ಮ ಮತಯಂತ್ರದ ಬ್ಯಾಲೆಟ್ ಯೂನಿಟ್ ಮೇಲೆ ಗುಂಡಿಗಳ ಪಕ್ಕ 1ರಿಂದ 16ರವರೆಗೆ ಬ್ರೈಲ್ ಅಂಕಿ ಇರುತ್ತದೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆಯೊಂದು ಮತಗಟ್ಟೆಯಲ್ಲಿರುತ್ತದೆ. ಮೊದಲು ಅದನ್ನು ಓದಿ, ಯಾವ ಅಂಕಿ ಅಂತ ನೆನಪಿಟ್ಟುಕೊಂಡು, ಒಳಗೆ ಹೋಗಿ ಒತ್ತುತ್ತೇನೆ. ಬೀಪ್ ಸದ್ದು ಬಂದರೆ ಮತ ದಾಖಲಾಯಿತು. ಆ ಹಾಳೆ ಪೆಟ್ಟಿಗೆಯ ತಳದಲ್ಲಿ ಮಡಚಿಕೊಂಡು ಬಿದ್ದಿದ್ದರೆ ಏನು ಬಂತು? ನಾನು ಕೇಳುವ ಮೊದಲೇ ಅದು ಮೇಜಿನ ಮೇಲಿರಬೇಕು. ಕಣ್ಣು ಕಾಣದವರು ಬಂದರೆ "ಬ್ರೈಲ್ ಓದುತ್ತೀರಾ? ಒಬ್ಬರೇ ಹಾಕುತ್ತೀರಾ, ಜೊತೆಗಾರರು ಬೇಕಾ?" ಅಂತ ಕೇಳಿ. ವಯಸ್ಸಾದ ಮೇಲೆ ಕಣ್ಣು ಹೋದವರಿಗೆ ಬ್ರೈಲ್ ಬರುವುದಿಲ್ಲ. ಅವರಿಗೆ ಜೊತೆಗಾರರೇ ದಾರಿ.

ಒಂದು ಕೊರತೆ ಇನ್ನೂ ಉಳಿದಿದೆ. ವಿವಿಪ್ಯಾಟ್ (ಹಾಕಿದ ಮತವನ್ನು ಚೀಟಿಯಲ್ಲಿ ಅಚ್ಚುಹಾಕಿ ತೋರಿಸುವ ಯಂತ್ರ) ಚೀಟಿ ಗಾಜಿನ ಹಿಂದೆ ಏಳು ಸೆಕೆಂಡ್ ಕಾಣುತ್ತದೆ. ನಿಮಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ನನ್ನ ಮತ ಸರಿಯಾಗಿ ಬಿತ್ತಾ ಅಂತ ನಾನೇ ನೋಡಿಕೊಳ್ಳುವ ದಾರಿ ಇಲ್ಲ. ಅಮೆರಿಕದಲ್ಲಿ 2002ರ ಕಾನೂನಿನ ಪ್ರಕಾರ ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಪ್ರತಿ ಮತಗಟ್ಟೆಯಲ್ಲೂ ಅಂಗವಿಕಲರು ತಾವಾಗಿಯೇ ಬಳಸಬಹುದಾದ ಒಂದು ವ್ಯವಸ್ಥೆಯಾದರೂ ಇರಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹೆಸರು ಕೇಳಿಸಿಕೊಂಡು ಆರಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಕಣ್ಣು ಕಾಣದವರು ರಾಷ್ಟ್ರ ಚುನಾವಣೆಗೆ ಫೋನಿನಲ್ಲಿ ಮತ ಹಾಕಬಹುದು. ಮೊದಲು ನೋಂದಾಯಿಸಿಕೊಂಡು ಒಂದು ಸಂಖ್ಯೆ ಪಡೆಯುತ್ತಾರೆ. ಆಮೇಲೆ ಹೆಸರು ಹೇಳದೆ ಆ ಸಂಖ್ಯೆ ಹೇಳಿ ಮತ ಹಾಕುತ್ತಾರೆ. ಮತ ಬರೆದುಕೊಳ್ಳುವವರಿಗೆ ಕರೆ ಮಾಡಿದ್ದು ಯಾರು ಅಂತ ತಿಳಿಯುವುದಿಲ್ಲ.

ಬ್ರಿಟನ್ನಿನಲ್ಲಿ ಮತಪತ್ರದ ಮೇಲೆ ಅಂಟಿಸುವ ಒಂದು ಪ್ಲಾಸ್ಟಿಕ್ ಸಾಧನ ಕೊಡುತ್ತಿದ್ದರು. ಎಷ್ಟನೇ ಸಾಲು ಅನ್ನುವುದು ಬೆರಳಿಗೆ ಸಿಗುತ್ತಿತ್ತು. ಆ ಸಾಲಿನಲ್ಲಿ ಯಾರ ಹೆಸರಿದೆ ಅಂತ ಮಾತ್ರ ಇನ್ನೊಬ್ಬರೇ ಓದಿ ಹೇಳಬೇಕಿತ್ತು. 2019ರಲ್ಲಿ ಅಲ್ಲಿನ ಹೈಕೋರ್ಟ್ ಇದು ಕಾನೂನಿಗೆ ಒಪ್ಪುವಂಥದ್ದಲ್ಲ ಅಂತ ತೀರ್ಪು ಕೊಟ್ಟಿತು. ನ್ಯಾಯಾಲಯಕ್ಕೆ ಹೋಗಿದ್ದು ಒಬ್ಬ ಅಂಧ ಮತದಾರರು. ಆ ತೀರ್ಪು ನನಗೆ ಬಹಳ ಮುಖ್ಯ. ಸಾಲು ಸಿಕ್ಕಿದರೆ ಸಾಲದು, ಯಾರಿಗೆ ಹಾಕುತ್ತಿದ್ದೇನೆ ಅನ್ನುವುದು ನನಗೇ ತಿಳಿಯಬೇಕು.

ಮಧ್ಯಾಹ್ನದ ಸರತಿ:
ಸರಿ, ಒಪ್ಪಿದೆ. ಮನೆಯವರ ಪಕ್ಷವೇ ಬೇರೆ ಇರಬಹುದು ಅನ್ನುವುದು ನನಗೆ ಹೊಳೆದಿರಲಿಲ್ಲ. ಆದರೂ ಬಿಸಿಲಿನ ಸರತಿಗೆ ಏನು ಮಾಡೋಣ?

ಹಳೆಯ ಮತಗಟ್ಟೆ ಅಧಿಕಾರಿ:
ವಯಸ್ಸಾದವರನ್ನು, ಅಂಗವಿಕಲರನ್ನು ಸರತಿಯಲ್ಲಿ ಕಾಯಿಸದೆ ಒಳಗೆ ಬಿಡಬೇಕು ಅನ್ನುವ ಸೂಚನೆ ಈಗಾಗಲೇ ಇದೆ. ತೊಂದರೆ ಏನೆಂದರೆ ಅದನ್ನು ಸರತಿಯಲ್ಲಿ ನಿಂತವರಿಗೆ ಯಾರೂ ಹೇಳಿರುವುದಿಲ್ಲ. ಸುಮ್ನೆ ಒಬ್ಬರನ್ನು ಮುಂದೆ ಕಳಿಸಿದರೆ ಜಗಳವೇ. ಅದಕ್ಕೇ ಬೆಳಗ್ಗೆ ಬಾಗಿಲು ತೆರೆಯುವಾಗಲೇ ದೊಡ್ಡದಾಗಿ ಬರೆದು ಹಾಕಿ, ಆಗಾಗ ಬಾಯಿಬಿಟ್ಟು ಹೇಳಿ. ಹೇಳಿದ ಮೇಲೆ ಜನ ತಕರಾರು ಮಾಡುವುದು ಬಹಳ ಕಡಿಮೆ. ಜನ ಸಿಟ್ಟಾಗುವುದು ನಡುವೆ ಯಾರೋ ನುಗ್ಗಿದರು ಅನ್ನಿಸಿದಾಗ.

ಕಾಣದ ನೋವಿನವಳು:
ಒಂದು ಮಾತು ಸೇರಿಸುತ್ತೇನೆ. ಎಲ್ಲರ ತೊಂದರೆಯೂ ಕಣ್ಣಿಗೆ ಕಾಣುವುದಿಲ್ಲ. ನನಗೆ ಕೀಲುಗಳ ಕಾಯಿಲೆ. ನೋಡಲು ಗಟ್ಟಿಯಾಗಿದ್ದೇನೆ, ಹತ್ತು ನಿಮಿಷ ನಿಂತರೆ ಸೊಂಟ ಹಿಡಿಯುತ್ತದೆ. ಹೃದಯದ ತೊಂದರೆ, ಮೂರ್ಛೆ ರೋಗ, ಆಟಿಸಂ ಇರುವವರೂ ಹೀಗೇ. "ಏನಾಗಿದೆ ನಿಮಗೆ, ಚೆನ್ನಾಗೇ ಇದ್ದೀರಲ್ಲ" ಅಂತ ಕೇಳಬೇಡಿ. ಕುರ್ಚಿ ಕೇಳಿದವರಿಗೆ ಕುರ್ಚಿ ಕೊಡಿ. ಕುರ್ಚಿಗಳು ನೆರಳಿನಲ್ಲಿ, ಸರತಿ ಕಾಣುವ ಜಾಗದಲ್ಲಿ ಇರಲಿ. ಇಲ್ಲದಿದ್ದರೆ ಕೂತವರ ಸರದಿ ತಪ್ಪಿಹೋಗುತ್ತದೆ.

ಕಿವಿ ಕೇಳದವನು:
ನನ್ನದೂ ಅದೇ ಕಷ್ಟ, ಸರದಿ ತಪ್ಪುವುದು. ಹೆಸರು ಕೂಗುತ್ತಾರೆ, ನನಗೆ ಕೇಳುವುದಿಲ್ಲ. ಕೇಳಿಸದ್ದಕ್ಕೆ ಇನ್ನೂ ಜೋರಾಗಿ ಕೂಗುತ್ತಾರೆ. ಕೂಗುವುದರಿಂದ ಏನೂ ಆಗುವುದಿಲ್ಲ. ಎದುರಿಗೆ ಬನ್ನಿ, ಬೆಳಕು ನಿಮ್ಮ ಮುಖದ ಮೇಲಿರಲಿ, ಬಾಯಿಗೆ ಕೈ ಅಡ್ಡ ಇಡಬೇಡಿ, ಸಾಮಾನ್ಯ ವೇಗದಲ್ಲಿ ಮಾತಾಡಿ. ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿ. "ಗುರುತಿನ ಚೀಟಿ ತೋರಿಸಿ", "ಬೆರಳಿಗೆ ಶಾಯಿ", "ಒಳಗೆ ಹೋಗಿ ಗುಂಡಿ ಒತ್ತಿ" ಅನ್ನುವ ಹಂತಗಳನ್ನು ಚಿತ್ರ ಸಮೇತ ಒಂದು ರಟ್ಟಿನ ಮೇಲೆ ಬರೆದಿಟ್ಟರೆ ನನಗಷ್ಟೇ ಅಲ್ಲ, ಮೊದಲ ಸಲ ಬಂದ ಎಲ್ಲರಿಗೂ ಅನುಕೂಲ. ನನ್ನ ಜೊತೆ ಸನ್ನೆ ಭಾಷೆ ಬಲ್ಲವರು ಬಂದಿದ್ದರೂ ನನ್ನನ್ನೇ ನೋಡಿ ಮಾತಾಡಿ.

ವೃದ್ಧಾಶ್ರಮದ ನರ್ಸ್:
ಮರೆವಿನ ಕಾಯಿಲೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಇದು ಎಲ್ಲಕ್ಕಿಂತ ಸೂಕ್ಷ್ಮ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಪರೀಕ್ಷೆ ಮಾಡಬೇಡಿ. "ಇವತ್ತು ಯಾವ ವಾರ? ಮುಖ್ಯಮಂತ್ರಿ ಯಾರು?" ಅಂತ ಕೇಳುವ ಅಧಿಕಾರ ನಿಮಗೂ ಇಲ್ಲ, ಪಕ್ಷದ ಏಜೆಂಟರಿಗೂ ಇಲ್ಲ. ಬೇರೆ ಮತದಾರರನ್ನು ಯಾರೂ ಹಾಗೆ ಕೇಳುವುದಿಲ್ಲ ಅಲ್ವಾ? ಭಾರತದಲ್ಲಿ ಬುದ್ಧಿ ಸ್ವಾಧೀನದಲ್ಲಿಲ್ಲ ಅನ್ನುವ ಕಾರಣಕ್ಕೆ ಹೆಸರು ಪಟ್ಟಿಯಿಂದ ಹೊರಗಿಡಬೇಕಾದರೆ ಅಧಿಕಾರವುಳ್ಳ ನ್ಯಾಯಾಲಯ ಹಾಗೆ ಘೋಷಿಸಿರಬೇಕು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಸೆಕ್ಷನ್ ಅದು. ಪಟ್ಟಿಯಲ್ಲಿ ಹೆಸರಿದೆ, ಗುರುತು ಸರಿಯಿದೆ ಅಂದರೆ ಅವರು ಮತದಾರರು. ವೈದ್ಯರ ಚೀಟಿ ನೋಡಿ ಬಾಗಿಲಲ್ಲಿ ತೀರ್ಮಾನ ಮಾಡುವ ವಿಷಯ ಅಲ್ಲ.

ಬೇರೆ ದೇಶಗಳೂ ಇದೇ ದಾರಿ ಹಿಡಿಯುತ್ತಿವೆ. ಬ್ರಿಟನ್ನಿನಲ್ಲಿ 2006ರ ಕಾನೂನಿನಿಂದ ಮಾನಸಿಕ ಸ್ಥಿತಿಯ ಹೆಸರಿನಲ್ಲಿ ಮತದ ಹಕ್ಕು ತಡೆಯುತ್ತಿದ್ದ ಹಳೆಯ ಪದ್ಧತಿ ರದ್ದಾಯಿತು. ಸ್ಪೇನ್ 2018ರಲ್ಲಿ ಬೌದ್ಧಿಕ ಅಂಗವಿಕಲತೆಯಿಂದ ಹಕ್ಕು ಕಳೆದುಕೊಂಡಿದ್ದವರಿಗೆ ಅದನ್ನು ವಾಪಸು ಕೊಟ್ಟಿತು. ಜರ್ಮನಿಯಲ್ಲಿ ಎಲ್ಲ ವ್ಯವಹಾರಕ್ಕೂ ಪಾಲಕರನ್ನು ನೇಮಿಸಿದ್ದವರಿಗೆ ಮತ ಇರಲಿಲ್ಲ. 2019ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ತಪ್ಪು ಅಂತ ಹೇಳಿತು.

ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಹಕ್ಕು ತಂದೆಯದು, ಮಗನದಲ್ಲ. ತಂದೆ ಒಳಗೆ ಹೋಗಿ ಯಾರನ್ನೂ ಸೂಚಿಸದಿದ್ದರೆ ಮಗ "ಅಪ್ಪ ಯಾವಾಗಲೂ ಇವರಿಗೇ ಹಾಕುತ್ತಿದ್ದರು" ಅಂತ ಊಹಿಸಿ ಒತ್ತುವಂತಿಲ್ಲ. ಜೊತೆಗಾರನ ಕೆಲಸ ಮತದಾರನ ಇಚ್ಛೆಯಂತೆ ನಡೆಯುವುದು. ಇಚ್ಛೆ ಇವತ್ತಿನದಾಗಿರಬೇಕು. ನಮ್ಮಲ್ಲಿರುವ ಹಿರಿಯರಲ್ಲಿ ಬೆಳಗ್ಗೆ ಹೊತ್ತು ಮನಸ್ಸು ತಿಳಿಯಾಗಿದ್ದು, ಸಂಜೆಗೆ ಗೊಂದಲ ಜಾಸ್ತಿಯಾಗುವವರು ಬಹಳ. ಅವರನ್ನು ಬೆಳಗ್ಗೆಯೇ, ಜನ ಕಡಿಮೆ ಇರುವಾಗ ಕರೆದುಕೊಂಡು ಬರುತ್ತೇವೆ. ಹೋಗುವ ಮೊದಲು ಅಭ್ಯರ್ಥಿಗಳ ಚಿಹ್ನೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ತೋರಿಸುತ್ತೇವೆ. ಒಂದನ್ನೂ ಹೊಗಳುವುದಿಲ್ಲ, ಒಂದನ್ನೂ ಬಿಡುವುದಿಲ್ಲ. ಅವರು ಬೇಡ ಅಂದರೆ ಒತ್ತಾಯವೂ ಇಲ್ಲ. ಮತ ಹಾಕದಿರುವುದೂ ಅವರಿಗೆ ಬಿಟ್ಟದ್ದು.

ದೂರದ ಮಗ:
ಇಷ್ಟೆಲ್ಲ ಕಷ್ಟಕ್ಕಿಂತ ಮನೆಯಿಂದಲೇ ಹಾಕಿಸಬಹುದಲ್ಲ? ಈಗ ಅದು ಇದೆಯಲ್ಲ?

ಹಳೆಯ ಮತಗಟ್ಟೆ ಅಧಿಕಾರಿ:
ಇದೆ. 85 ವರ್ಷ ದಾಟಿದವರು, 40 ಶೇಕಡಾ ಅಥವಾ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ ಇರುವವರು ಕೇಳಬಹುದು. ಮೊದಲು ವಯಸ್ಸು 80 ಇತ್ತು, 2024ರಲ್ಲಿ 85 ಆಯಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕಡೆ ಇದು ಜಾರಿಗೆ ಬಂತು. ನಮೂನೆ 12ಡಿ ತುಂಬಬೇಕು. ಚುನಾವಣಾ ಅಧಿಸೂಚನೆ ಹೊರಟ ಐದು ದಿನದ ಒಳಗೆ ಕೊಡಬೇಕು. ಜನ ಎಡವುವುದು ಇಲ್ಲೇ. ಮತದಾನಕ್ಕೆ ವಾರ ಇರುವಾಗ ಕೇಳಿಕೊಂಡು ಬಂದರೆ ಆಗುವುದಿಲ್ಲ. ಆಮೇಲೆ ಸಿಬ್ಬಂದಿ ಮನೆಗೇ ಬಂದು, ಮತಪತ್ರದಲ್ಲಿ ಗುಟ್ಟಾಗಿ ಹಾಕಿಸಿಕೊಂಡು, ಲಕೋಟೆಯಲ್ಲಿ ಮುಚ್ಚಿ ಒಯ್ಯುತ್ತಾರೆ. ವಿಡಿಯೋ ಚಿತ್ರೀಕರಣ ಇರುತ್ತದೆ, ಆದರೆ ಯಾರಿಗೆ ಹಾಕಿದರು ಅನ್ನುವುದನ್ನು ತೆಗೆಯುವಂತಿಲ್ಲ. ಒಮ್ಮೆ ಮನೆಯಿಂದ ಮತ ಅಂತ ಒಪ್ಪಿಗೆಯಾದರೆ ಮತಗಟ್ಟೆಗೆ ಹೋಗಿ ಹಾಕಲು ಬರುವುದಿಲ್ಲ. ಇದನ್ನು ಮೊದಲೇ ತಿಳಿಸಿ ಹೇಳಿ.

ಗಾಲಿಕುರ್ಚಿ ಬಳಸುವವನು:
ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ನನಗೆ ಬೇಡ. ನಾನು ಎಲ್ಲರ ಜೊತೆ ಬಂದು ಹಾಕಬೇಕು. ಮನೆಯಿಂದ ಹಾಕಬಹುದು ಅನ್ನುವುದು ರ‍್ಯಾಂಪ್ ಕಟ್ಟದಿರಲು ನೆಪ ಆಗಬಾರದು. ಈ ಮಾತು ಈಗಲೇ ಕೆಲವು ಕಡೆ ಕೇಳಿಬರುತ್ತಿದೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೊಸ ಸ್ವಯಂಸೇವಕಿ:
ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಇನ್ನು ಎರಡು ಅನುಮಾನ. ಪಕ್ಷದವರು ತಮ್ಮ ಗಾಡಿಯಲ್ಲಿ ವಯಸ್ಸಾದವರನ್ನು ಕರೆತಂದರೆ ನಾನು ಇಳಿಸಿಕೊಳ್ಳಬಹುದಾ? ಮತ್ತೆ, ಸಂಜೆ ಬಿಸಿಲು ಇಳಿದ ಮೇಲೆ ಬರೋಣ ಅಂತ ಹಿರಿಯರು ಕೊನೆ ಗಳಿಗೆಯಲ್ಲಿ ಬಂದರೆ?

ಹಳೆಯ ಮತಗಟ್ಟೆ ಅಧಿಕಾರಿ:
ಅಭ್ಯರ್ಥಿ ಅಥವಾ ಅವರ ಏಜೆಂಟ್ ಮತದಾರರನ್ನು ಪುಕ್ಕಟೆಯಾಗಿ ಕರೆತರಲು ವಾಹನ ಗೊತ್ತು ಮಾಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟ ಆಚರಣೆ. ಅಂಥ ಗಾಡಿ ಕಂಡರೆ ಅಧಿಕಾರಿಗೆ ತಿಳಿಸಿ. ಆದರೆ ಗಾಡಿಯಲ್ಲಿ ಕೂತಿರುವ ಅಜ್ಜನ ಮೇಲೆ ಸಿಟ್ಟು ತೋರಿಸಬೇಡಿ. ಅವರಿಗೆ ಬೇರೆ ದಾರಿ ಇದ್ದಿರಲಿಕ್ಕಿಲ್ಲ. ಅವರನ್ನು ಇಳಿಸಿಕೊಂಡು ಒಳಗೆ ಕರೆದುಕೊಂಡು ಹೋಗಿ. ವಾಪಸು ಹೋಗಲು ನಿಮ್ಮ ಕಡೆಯ ಗಾಡಿ ಇದ್ದರೆ ಅದರಲ್ಲಿ ಕಳಿಸಿ. ಗಾಡಿ, ಗಾಲಿಕುರ್ಚಿ ಬೇಕಾದವರು ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಮೊದಲೇ ಕೇಳಿಕೊಳ್ಳಬಹುದು. ಫೋನ್ ಬಳಸಲು ಬಾರದ ಹಿರಿಯರ ಪರವಾಗಿ ಮನೆಯವರು ಬೂತ್ ಮಟ್ಟದ ಅಧಿಕಾರಿಯಾದ ಬಿಎಲ್‌ಒಗೆ ಹೇಳಿದರೂ ಆಗುತ್ತದೆ. ನೀವು ಯಾವ ಪಕ್ಷದ ಬಣ್ಣದ ಶಾಲು, ಟೋಪಿ, ಬ್ಯಾಡ್ಜ್ ಕೂಡ ಹಾಕಬೇಡಿ. ಮತಗಟ್ಟೆಯ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. "ಯಾರಿಗೆ ಹಾಕಿದ್ರಿ ಅಜ್ಜಿ?" ಅಂತ ಪ್ರೀತಿಯಿಂದಲೂ ಕೇಳಬೇಡಿ.

ಕೊನೆ ಗಳಿಗೆಗೆ: ಸಮಯ ಮುಗಿಯುವ ಹೊತ್ತಿಗೆ ಸರತಿಯಲ್ಲಿರುವ ಎಲ್ಲರಿಗೂ ಮತದ ಹಕ್ಕಿದೆ. ಅಧಿಕಾರಿ ಸರತಿಯ ಕೊನೆಯವರಿಂದ ಶುರು ಮಾಡಿ ಚೀಟಿ ಕೊಡುತ್ತಾ ಬರುತ್ತಾರೆ. ನೆರಳಿನ ಕುರ್ಚಿಯಲ್ಲಿ ಕೂತ ಹಿರಿಯರೂ ಸರತಿಯಲ್ಲೇ ಇದ್ದಾರೆ ಅಂತ ಆ ಹೊತ್ತಿಗೆ ಅಧಿಕಾರಿಗೆ ನೆನಪಿಸಿ, ಅವರ ಕೈಗೂ ಚೀಟಿ ಕೊಡಿಸಿ. ಅದನ್ನು ಮರೆತರೆ ಬೆಳಗಿನಿಂದ ಮಾಡಿದ ಕೆಲಸಕ್ಕೆ ಅರ್ಥ ಇರುವುದಿಲ್ಲ.

ಕಣ್ಣಿಲ್ಲದ ಮತದಾರ:
ಸಂಜೆ ದೀಪವನ್ನೂ ನೋಡಿಕೊಳ್ಳಿ ಮೇಡಂ. ನನಗೆ ಬೇಕಿಲ್ಲ, ಆದರೆ ಅರೆಗಣ್ಣು ಕಾಣುವ ಹಿರಿಯರಿಗೆ ಮತ ಹಾಕುವ ಮರೆಯೊಳಗೆ ಕತ್ತಲಿದ್ದರೆ ಚಿಹ್ನೆ ಗುರುತು ಸಿಗುವುದಿಲ್ಲ. ಒಂದು ಭೂತಗನ್ನಡಿಯನ್ನೂ ಮೇಜಿನ ಮೇಲೆ ಇಡಲು ಕೇಳಿ ನೋಡಿ.

ಹೊಸ ಸ್ವಯಂಸೇವಕಿ:
ಬರೆದುಕೊಂಡೆ. ಹಿಂದಿನ ದಿನ ಅಳತೆ ಟೇಪ್ ಹಿಡಿದು ಹೋಗುತ್ತೇನೆ. ಇಳಿಜಾರು, ಬಾಗಿಲು, ಮೇಜು ಮೂರನ್ನೂ ಅಳೆದು, ಸರಿ ಇಲ್ಲದಿದ್ದರೆ ಅಧಿಕಾರಿಗಳಿಗೆ ಆ ದಿನವೇ ಬರೆದುಕೊಡುತ್ತೇನೆ. ನಮ್ಮ ತಂಡದಲ್ಲಿ ಉಳಿದವರಿಗೂ ಈ ಚರ್ಚೆ ಕಳಿಸಿದ್ದೇನೆ. ಶೌಚಾಲಯದ ಬಾಗಿಲ ಅಳತೆಯೂ 90 ಇರಬೇಕಾ?

ಗಾಲಿಕುರ್ಚಿ ಬಳಸುವವನು:
ಹೌದು, ಅದೂ 90. ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗಡೆಗೆ ತೆರೆದರೆ ಕುರ್ಚಿ ಒಳಗೆ ಹೋದ ಮೇಲೆ ಮುಚ್ಚಲು ಬರುವುದಿಲ್ಲ.